ತಾಮ್ರದಿಂದ ಕಲ್ಲಿಗೆ ಬಂದ ಶಾಸನ, ಸಿ.ಡಿ.ಯಲ್ಲೇ ಉಳಿದ ಹಾಡು



ಗದಗ ಜಿಲ್ಲೆ ನರಗುಂದ ತಾಲೂಕಿನ ಕೊಣ್ಣೂರು ಮಲಪ್ರಭೆಯ ದಂಡೆಯ ಊರು. ಅಲ್ಲಿಯದೊಂದು ಶಿಲಾಶಾಸನ ಪ್ರಸಿದ್ಧವಾಗಿದೆ. ಶಕವರ್ಷ 782, ಅಂದರೆ ಕ್ರಿ.ಶ. 860ರಲ್ಲಿ ರಾಷ್ಟ್ರಕೂಟರ ಅಮೋಘವರ್ಷ ತನ್ನ ಸಾಮಂತ ಬಂಕೇಯನ ಕೋರಿಕೆಯಂತೆ ಕೊಳನೂರಿನ ಬಸದಿಗೆ ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಆ ಕೊಳನೂರೇ ಇಂದಿನ ಕೊಣ್ಣೂರು. ಆದರೆ ಕಲ್ಲು ಅಮೋಘವರ್ಷನ ಕಾಲದ್ದಲ್ಲ. ಸುಮಾರು ಮುನ್ನೂರು ವರ್ಷ ಕಳೆದ ಮೇಲೆ, ಊರ ಪ್ರಭುವೂ ಹಿರಿಯರೂ ಕೇಳಿಕೊಂಡರೆಂದು ವೀರನಂದಿ ಮುನಿಗಳು ಹಳೆಯ ತಾಮ್ರಶಾಸನವನ್ನು ಕಲ್ಲಿಗೆ ಬರೆಸಿದರು. ಈ ಮಾತನ್ನು ಆ ಕಲ್ಲೇ ಹೇಳುತ್ತದೆ. ತಾಮ್ರಪಟ ಇಂದು ನಮ್ಮ ಕೈಯಲ್ಲಿಲ್ಲ, ಕಲ್ಲು ಇದೆ.

ಹಳೆಯ ಧ್ವನಿಮುದ್ರಣಗಳ ಮಾತು ಬಂದಾಗಲೆಲ್ಲ ನನಗೆ ಈ ಶಾಸನ ನೆನಪಾಗುತ್ತದೆ.

2004ರಲ್ಲಿ ನಮ್ಮ ಭಾಗದ ಒಂದು ಭಜನಾ ಮೇಳದ ತತ್ವಪದಗಳನ್ನು ಕಂಪ್ಯೂಟರಿನಲ್ಲಿ ಮುದ್ರಿಸಿಕೊಂಡಿದ್ದೆ. ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ, ಏಕತಾರಿ, ಮುಂದೆ ಹಾಡುವ ಅಜ್ಜನ ದನಿ, ಹಿಂದೆ ಹಾಡುವವರ ದನಿ, ಎಲ್ಲಕ್ಕೂ ಬೇರೆಬೇರೆ ಮೈಕು, ಒಟ್ಟು 12 ಟ್ರ್ಯಾಕು. ಇತ್ತೀಚೆಗೆ ಮೇಳದವರು ಬಂದು ಕೇಳಿದಾಗ ಆ ಪ್ರಾಜೆಕ್ಟನ್ನು ತೆರೆದೆ. ಪರದೆಯ ಮೇಲೆ 12 ಹೆಸರುಗಳೂ ಸಾಲಾಗಿ ಬಂದವು. ತಬಲಾ ನುಡಿಯಿತು, ಹಾರ್ಮೋನಿಯಂ ನುಡಿಯಿತು. ಆದರೆ ಅಜ್ಜನ ಹೆಸರಿನ ಮುಂದೆ ಗೆರೆ ಖಾಲಿ. ಎದುರಿಗೆ ಅವರ ಮಗ ಕುಳಿತಿದ್ದರು.

ಕಾರಣ ಹೀಗಿದೆ. ನಾವು ಪ್ರಾಜೆಕ್ಟು ಎಂದು ಕರೆಯುವ ಫೈಲಿನಲ್ಲಿ ಸಾಮಾನ್ಯವಾಗಿ ದನಿಯೇ ಇರುವುದಿಲ್ಲ. ಯಾವ ತುಣುಕು ಎಲ್ಲಿ ಶುರು, ಯಾವುದು ಎಷ್ಟು ಜೋರು, ಯಾವುದಕ್ಕೆ ಎಷ್ಟು ಗುಂಗು ಸೇರಿಸಬೇಕು ಎಂಬ ಟಿಪ್ಪಣಿಯಷ್ಟೇ ಅದು. ದನಿ ಇರುವುದು ಪಕ್ಕದ ವೇವ್ ಫೈಲುಗಳಲ್ಲಿ. ಸೆಕೆಂಡಿಗೆ 48,000 ಮಾದರಿ, ಒಂದೊಂದಕ್ಕೆ 24 ಬಿಟ್ ಎಂದರೆ ಒಂದು ಟ್ರ್ಯಾಕಿಗೆ ನಿಮಿಷಕ್ಕೆ 8.64 ಎಂ.ಬಿ. ಬೇಕು. 12 ಟ್ರ್ಯಾಕಿನ ಎಂಟು ನಿಮಿಷದ ಪದ 829 ಎಂ.ಬಿ. ಆಗುತ್ತದೆ. ಆಗ ಉಳಿಸಿಟ್ಟಿದ್ದು ಸಿ.ಡಿ.ಯಲ್ಲಿ, ಅದು ಹಿಡಿಯುವುದು 700. ಹಾಗಾಗಿ ಪದ ಎರಡು ಸಿ.ಡಿ.ಗೆ ಹರಿದು ಹಂಚಿಹೋಗಿತ್ತು, ಎರಡನೆಯದು ಓದಲಿಲ್ಲ. ನಾವು ಬರೆದುಕೊಳ್ಳುವ ಸಿ.ಡಿ.ಯಲ್ಲಿ ಅಕ್ಷರ ಮೂಡುವುದು ಒಂದು ತೆಳು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವ ಅದನ್ನು ಕೆಡಿಸುತ್ತವೆ. ಬೆಳಕಿಗೆ ಹಿಡಿದು ನೋಡಿದೆ, ಅಂಚಿನ ಬೆಳ್ಳಿಯ ಲೇಪ ಕಾಗೆಬಂಗಾರದ ಹಾಗೆ ಸುಲಿದುಬಂದಿತ್ತು.

ಸಾಫ್ಟ್‌ವೇರಿನದು ಇನ್ನೊಂದು ತೊಂದರೆ. ಹಳೆಯ ಪ್ರಾಜೆಕ್ಟನ್ನು ಹೊಸ ಆವೃತ್ತಿ ತೆರೆಯದಿರಬಹುದು. ಆದ್ದರಿಂದ ಹಳೆಯ ಕಂಪ್ಯೂಟರು ನಡೆಯುತ್ತಿರುವಾಗಲೇ ಪ್ರತಿ ಟ್ರ್ಯಾಕನ್ನೂ ಪದದ ಮೊದಲ ಕ್ಷಣದಿಂದ ಕೊನೆಯವರೆಗೆ ಒಂದೇ ಉದ್ದದ ಪ್ರತ್ಯೇಕ ವೇವ್ ಫೈಲಾಗಿ ತೆಗೆದಿಡಬೇಕು. ಆಗ ಯಾವ ಸಾಫ್ಟ್‌ವೇರಿನಲ್ಲಾದರೂ ಎಲ್ಲವನ್ನೂ ಒಂದೇ ಗೆರೆಗೆ ಜೋಡಿಸಬಹುದು. ಎಂ.ಪಿ.3 ಸಾಲದು. ಜಾಗ ಉಳಿಸಲು ಅದು ದನಿಯ ಕೆಲವು ಅಂಶಗಳನ್ನು ಬಿಟ್ಟುಬಿಡುತ್ತದೆ, ಬಿಟ್ಟದ್ದು ಮರಳಿ ಬರುವುದಿಲ್ಲ. ಹಾಡಿದವರ ಹೆಸರು, ಊರು, ದಿನ, ಯಾರ ಪದ ಎಂಬುದನ್ನು ಒಂದು ಸಾದಾ ಬರಹದ ಫೈಲಿನಲ್ಲಿ ಜೊತೆಗೇ ಇಡಿ.

ನಕಲು ಮಾಡಿದರಾಯಿತೆಂದು ಸುಮ್ಮನಿರುವಂತಿಲ್ಲ. ಕೊಣ್ಣೂರಿನ ಕಲ್ಲಿನ ಬಗ್ಗೆಯೂ, ತಾಮ್ರಪಟದಲ್ಲಿದ್ದದ್ದೇ ಇಲ್ಲಿದೆಯೇ ಎಂದು ವಿದ್ವಾಂಸರು ಸಂಶಯಪಟ್ಟಿದ್ದಾರೆ. ಹೋಲಿಸಿ ನೋಡಲು ಮೂಲವಿಲ್ಲ. ನಮಗೆ ಆ ಕಷ್ಟವಿಲ್ಲ. ಚೆಕ್‌ಸಮ್ ಎಂಬ ಲೆಕ್ಕವೊಂದಿದೆ. ಫೈಲಿನ ಒಂದೇ ಒಂದು ಬಿಟ್ ಬದಲಾದರೂ ಅದು ಕೊಡುವ ಅಂಕಿ ಬದಲಾಗುತ್ತದೆ. ಮೂಲದ್ದೂ ನಕಲಿನದೂ ತಾಳೆಯಾದರೆ ನಿಶ್ಚಿಂತೆ.

ಇನ್ನು ಎಲ್ಲಿಡಬೇಕು? ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ರೂಢಿ ಜಗತ್ತಿನಲ್ಲೆಲ್ಲ ಇದೆ. ಬೇರೆ ಊರು ಏಕೆಂದು ಕೊಣ್ಣೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಊರೊಳಗೆ ಬಂದಾಗ, ಒಂದೇ ಟ್ರಂಕಿನಲ್ಲಿ ಮೂರು ಪ್ರತಿ ಇಟ್ಟಿದ್ದರೆ ಮೂರೂ ಒಟ್ಟಿಗೇ ನೆನೆಯುತ್ತಿದ್ದವು. ಹುಬ್ಬಳ್ಳಿಯಲ್ಲಿರುವ ಮಗಳ ಮನೆಯಲ್ಲೊಂದು ಹಾರ್ಡ್‌ಡಿಸ್ಕ್ ಇರಲಿ. ಅದನ್ನೂ ವರ್ಷಕ್ಕೊಮ್ಮೆ ಹಚ್ಚಿ ನೋಡಿ, ನಾಲ್ಕೈದು ವರ್ಷಕ್ಕೊಮ್ಮೆ ಹೊಸದಕ್ಕೆ ಸಾಗಿಸಿ.

ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬಾಳಿದ ಜಿಲ್ಲೆ ನಮ್ಮದು, ಭೀಮಸೇನ ಜೋಶಿಯವರು ಹುಟ್ಟಿದ ಜಿಲ್ಲೆ. ದೊಡ್ಡವರ ಸಂಗೀತವನ್ನು ಕಾಯಲು ಆಕಾಶವಾಣಿಯಂಥ ಸಂಸ್ಥೆಗಳಿವೆ. ಶ್ರಾವಣದ ಭಜನೆಯಲ್ಲಿ ರಾತ್ರಿಯಿಡೀ ಹಾಡಿದ ಒಕ್ಕಲಿಗನ ದನಿ ಇರುವುದು ನಿಮ್ಮ ಮನೆಯ ಕಪಾಟಿನಲ್ಲಿ ಮಾತ್ರ. ಈ ವಾರ ಒಂದು ಸಂಜೆ ಆ ಕಪಾಟು ತೆರೆಯಿರಿ. ಹಾಡಿದವರು ಈಗ ಇಲ್ಲವೆಂದಾದರೆ ಆ ಸಿ.ಡಿ.ಯನ್ನೇ ಮೊದಲು ನಕಲು ಮಾಡಿ.