ಸಾಬುದಾಣಿಯಂಥ ಕಾಳು, ಒಳಗೆ ಜೀವ

ನಾನು ಕಲ್ಲೂರಿನಾಕಿ. ಕೆಲಸ ಬೆಂಗಳೂರಿನ ಒಂದು ಪ್ರಯೋಗಾಲಯದಾಗ.

ಹೋದ ಸಲ ಊರಿಗೆ ಹೋದಾಗ ಮನೆಯಲ್ಲಿ ದೊಡ್ಡ ಚರ್ಚೆ. ತಂಗಿ ಬಸುರಿ. ರಾಯಚೂರಿನಲ್ಲಿ ಒಬ್ಬ ಏಜೆಂಟ್ ಅವಳಿಗೆ, 'ಮಗುವಿನ ಹೊಕ್ಕುಳಬಳ್ಳಿ ರಕ್ತ ಇಡಿಸ್ರಿ, ಮುಂದೆ ಎಲ್ಲ ರೋಗಕ್ಕೂ ಅದೇ ಔಷಧ' ಅಂದಿದ್ದನಂತೆ. ಹತ್ತಿ ಮಾರಿದ ದುಡ್ಡು ಕೈಯಲ್ಲಿತ್ತು. ಅವ್ವ ಕೇಳಿದ್ಲು: 'ನೀ ಅಲ್ಲಿ ಇದನ್ನೇ ಅಲ್ಲೇನ್ ಮಾಡೋದು? ಇಡಿಸಬೇಕೋ ಬ್ಯಾಡೋ?'

ನಾವು ಮಾಡೋದು ಬೇರೆ ರೀ. ಕಾಂಡಕೋಶ, ಅಂದ್ರೆ ಸ್ಟೆಮ್ ಸೆಲ್, ತನ್ನಂಥವನ್ನೇ ಹೆಚ್ಚಿಸಬಲ್ಲದು, ಬೇರೆ ಬಗೆಯ ಕೋಶವೂ ಆಗಬಲ್ಲದು. ತೊಂದರೆ ಇರೋದೂ ಅಲ್ಲೇ. ಸುಮ್ಮನೆ ದೇಹಕ್ಕೆ ಚುಚ್ಚಿದರೆ ಬಹಳಷ್ಟು ಬೇಗ ಸಾಯ್ತವೆ. ಭ್ರೂಣದ ಕಾಂಡಕೋಶವಾದರೆ ಹತೋಟಿ ತಪ್ಪಿ ಗಡ್ಡೆಯೂ ಆಗಬಹುದು.

ಅದಕ್ಕೇ ಪೊರೆ. ಕಂದು ಸಮುದ್ರಪಾಚಿಯಿಂದ ತೆಗೆದ ಆಲ್ಜಿನೇಟ್ ದ್ರಾವಣದಲ್ಲಿ ಕೋಶ ಕಲಸಿ, ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹನಿಹನಿ ಬಿಡ್ತೀವಿ. ಬಿದ್ದ ಹನಿ ನೆನೆದ ಸಾಬುದಾಣಿ ಹಂಗ ಗಟ್ಟಿ ಆಗ್ತದ. ಆಮ್ಲಜನಕ, ಸಕ್ಕರೆ ಒಳಗೆ ಹೋಗ್ತವೆ. ರೋಗನಿರೋಧಕ ಕೋಶಗಳಿಗೆ ದಾರಿ ಇಲ್ಲ. ಕಾಳು ದೊಡ್ಡದಾದರೆ ನಡುವಿನ ಕೋಶ ಉಸಿರುಗಟ್ಟಿ ಸಾಯ್ತದ, ಹಾಗಾಗಿ ಅರ್ಧ ಮಿಲಿಮೀಟರಿನ ಆಸುಪಾಸು ಇಡೋದು. ಜೆಲ್ ಎಷ್ಟು ಗಟ್ಟಿ ಅನ್ನೋದರ ಮೇಲೆ ಕೋಶದ ಬೆಳವಣಿಗೆಯೇ ಬದಲಾಗ್ತದ. ಕೋಶ ವಾಪಸ್ ಬೇಕೇ? ಸಿಟ್ರೇಟ್ ಹಾಕಿದರೆ ಕಾಳು ಕರಗ್ತದ. ಇದೇನು ಹೊಸದಲ್ಲ. ಲಿಮ್ ಮತ್ತು ಸನ್ ಎಂಬಿಬ್ಬರು 1980ರಲ್ಲೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಹೀಗೆ ಮುಚ್ಚಿ, ಮಧುಮೇಹದ ಇಲಿಗಳಿಗೆ ಹಾಕಿ ತೋರಿಸಿದ್ದರು.

ಇನ್ನು ಕಾಪಿಡೋದು. ದನದ ದವಾಖಾನಿಯಲ್ಲಿ ಹೋರಿ ವೀರ್ಯದ ಕಡ್ಡಿ ಇಡೋ ಕ್ಯಾನ್ ನೋಡೀರಲ್ಲ? ಅದೇ ದ್ರವ ಸಾರಜನಕ, ಮೈನಸ್ 196 ಡಿಗ್ರಿ. ಹೆಪ್ಪುಗಟ್ಟುವಾಗ ಮಂಜಿನ ಹರಳು ಕೋಶವನ್ನು ಸೀಳ್ತದ. ಹಾಗಾಗಿ ರಕ್ಷಕ ದ್ರವ ಬೇಕೇ ಬೇಕು. ಆಲ್ಜಿನೇಟಿನೊಳಗೆ ಇಟ್ಟರೆ ಹೆಪ್ಪುಗಟ್ಟಿಸದೆಯೂ ಕೆಲವು ದಿನ ಕೋಶ ಬದುಕ್ತವೆ ಅಂತ ಇಂಗ್ಲೆಂಡಿನ ನ್ಯೂಕಾಸಲ್‌ನವರು ತೋರಿಸಿದ್ದಾರೆ, ಕೋಣೆಯ ಉಷ್ಣತೆಯಲ್ಲೇ. ಅವರ ಕೋಣೆ ರೀ, ಮೇ ತಿಂಗಳ ರಾಯಚೂರಿನದ್ದಲ್ಲ.

ಅವ್ವನಿಗೆ ಸಾಬುದಾಣಿ ಅರ್ಥ ಆಯ್ತು. 'ಹಂಗಾದ್ರ ತಂಗೀದು?' ಅಂದ್ಲು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ತೆಗೆದು ಓದಿ ಹೇಳಿದೆ: ಮುಂದೆ ಆ ಮಗುವಿಗೇ ಬೇಕಾದೀತು ಅಂತ ಖಾಸಗಿಯಾಗಿ ಕೂಡಿಡೋದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ಮನೆಯಲ್ಲಿ ಇನ್ನೊಂದು ಮಗುವಿಗೆ ಥಲಸ್ಸೀಮಿಯಾದಂಥ ರಕ್ತರೋಗ ಇದ್ದರೆ ಮಾತು ಬೇರೆ. ನಮ್ಮಲ್ಲಿ ಯಾರಿಗೂ ಇಲ್ಲ.

ದುಡ್ಡು ಉಳೀತು. ತಂಗಿ ಗಂಡ ಮಾತ್ರ ಇನ್ನೂ ನನ್ನ ಹತ್ರ ಸರಿಯಾಗಿ ಮಾತಾಡಿಲ್ಲ.