ಹುಳು ಕೊಲ್ಲುವ ಬೂಷ್ಟಿಗೆ ಯಾವ ಮನೆತನ?



ರೇಷ್ಮೆ ಸಾಕುವವರಿಗೆ ಸುಣ್ಣಕಟ್ಟು ರೋಗ ಗೊತ್ತು. ಹುಳು ಸತ್ತು ಸೆಟೆಯುತ್ತದೆ. ಆಮೇಲೆ ಮೈತುಂಬ ಬಿಳಿ ಪುಡಿ ಏಳುತ್ತದೆ. ಆ ಪುಡಿ ಒಂದು ಶಿಲೀಂಧ್ರದ ಬೀಜಕಣ. ಇದು ಅಂಟುರೋಗವೆಂದು 1835ರಲ್ಲಿ ತೋರಿಸಿಕೊಟ್ಟವನು ಇಟಲಿಯ ಅಗೊಸ್ಟಿನೊ ಬಾಸ್ಸಿ. ಅವನ ನೆನಪಿಗೆ ಆ ಬೂಷ್ಟಿಗೆ ಬಾಟ್ರೈಟಿಸ್ ಬಾಸ್ಸಿಯಾನ ಎಂದು ಹೆಸರಿಟ್ಟರು. 1912ರಲ್ಲಿ ಅದು ಬ್ಯೂವೇರಿಯಾ ಬಾಸ್ಸಿಯಾನ ಆಯಿತು. ಕುಲದ ಹೆಸರು ಬದಲಾಯಿತು, ಇಟ್ಟ ಹೆಸರು ಉಳಿಯಿತು ಅನ್ನಿ.

ಕಬ್ಬಿನ ಗದ್ದೆಯ ಗೊಣ್ಣೆಹುಳುವಿಗೆ ಹಾಕುವ ಹಸಿರು ಪುಡಿ ಮೆಟಾರೈಜಿಯಮ್ ಎಂಬ ಶಿಲೀಂಧ್ರ. ಇದೂ ಬ್ಯೂವೇರಿಯಾದಂತೆಯೇ ಹುಳದ ಚರ್ಮ ಕೊರೆದು ಒಳಹೊಕ್ಕು ಕೊಲ್ಲುತ್ತದೆ. ಕಸುಬು ನೋಡಿದರೆ ಎರಡೂ ಒಡಹುಟ್ಟಿದವು. ಹಿಂದಿನವರು ದಾರದಂಥ ಬೀಜಕಣ, ಅದನ್ನು ಹೊತ್ತ ಉದ್ದನೆಯ ಚೀಲ ನೋಡಿ ಈ ಬಳಗವನ್ನೆಲ್ಲ ಕ್ಲಾವಿಸಿಪಿಟೇಸಿ ಎಂಬ ಒಂದೇ ಕುಟುಂಬಕ್ಕೆ ಸೇರಿಸಿದ್ದರು. 2007ರಲ್ಲಿ ಗಿ-ಹೊ ಸಂಗ್, ಜೋಸೆಫ್ ಸ್ಪಾಟಫೋರಾ ಮತ್ತು ಸಂಗಡಿಗರು ಹಲವು ಜೀನ್‌ಗಳನ್ನು ಹೋಲಿಸಿ ಆ ಕುಟುಂಬವನ್ನು ಮೂರು ಪಾಲು ಮಾಡಿದರು. ಬ್ಯೂವೇರಿಯಾ ಕಾರ್ಡಿಸಿಪಿಟೇಸಿಗೆ ಹೋಯಿತು. ಹಿಮಾಲಯದ ದುಬಾರಿ ಕೀಡಾಜಡಿ ಎಂಬ ಶಿಲೀಂಧ್ರ ಒಫಿಯೊಕಾರ್ಡಿಸಿಪಿಟೇಸಿಯ ಪಾಲಿಗೆ ಬಂದು, ಕಾರ್ಡಿಸೆಪ್ಸ್ ಸೈನೆನ್ಸಿಸ್ ಹೋಗಿ ಒಫಿಯೊಕಾರ್ಡಿಸೆಪ್ಸ್ ಸೈನೆನ್ಸಿಸ್ ಆಯಿತು. ಮೆಟಾರೈಜಿಯಮ್ ಹಳೆಯ ಮನೆಯಲ್ಲೇ ಉಳಿಯಿತು. ಅಲ್ಲಿ ಅದರ ಜೊತೆಗಿರುವುದು ಯಾರು? ಸಜ್ಜೆಯ ತೆನೆ ಕೆಡಿಸುವ ಅರ್ಗಟ್ ಶಿಲೀಂಧ್ರ! ಹುಳು ಕೊಲ್ಲುವ ವಿದ್ಯೆ ಒಂದೇ ಇದ್ದರೂ ರಕ್ತಸಂಬಂಧ ಬೇರೆಯೇ.

ಇನ್ನೊಂದು ಗೋಜಲಿತ್ತು. ಒಂದೇ ಶಿಲೀಂಧ್ರದ ಲೈಂಗಿಕ ಹಂತಕ್ಕೊಂದು, ನಿರ್ಲಿಂಗ ಹಂತಕ್ಕೊಂದು ಹೆಸರು. 2011ರಲ್ಲಿ ಮೆಲ್ಬರ್ನ್‌ನಲ್ಲಿ ಸೇರಿದ ಸಸ್ಯವಿಜ್ಞಾನಿಗಳು ಈ ಪದ್ಧತಿಯನ್ನು ಕೈಬಿಟ್ಟರು. ಬಾಸ್ಸಿಯ ಬೂಷ್ಟಿಗೆ ಕಾರ್ಡಿಸೆಪ್ಸ್ ಬಾಸ್ಸಿಯಾನ ಎಂಬ ಎರಡನೆಯ ಹೆಸರೂ ಇತ್ತು. ರೈತರ ಬಾಯಲ್ಲಿ ಕೂತ ಬ್ಯೂವೇರಿಯಾವೇ ಗೆದ್ದಿತು. ಒಳ್ಳೆಯದೇ ಆಯಿತೆನ್ನಿ.

ಎಲ್ಲ ಕಡೆ ಹಾಗಾಗಲಿಲ್ಲ. ಕಾಫಿ ಗಿಡದ ಹಸಿರು ಶಲ್ಕ ಕೀಟದ ಸುತ್ತ ಬಿಳಿ ಬಳೆಯಂತೆ ಹಬ್ಬುವ ಶಿಲೀಂಧ್ರವೊಂದಿದೆ. ಅದನ್ನು ವರ್ಟಿಸಿಲಿಯಮ್ ಲೆಕಾನಿ ಎಂದು ಕರೆಯುತ್ತಿದ್ದರು. 2001ರಲ್ಲಿ ಲೆಕಾನಿಸಿಲಿಯಮ್, 2017ರಲ್ಲಿ ಅಕಾಂಥೊಮೈಸಿಸ್. ಬರೀ ಹೆಸರು ಬದಲಾಗಿದ್ದರೆ ಸಹಿಸಬಹುದಿತ್ತು. ಹಳೆಯ ಒಂದು ಹೆಸರಿನಡಿ ಹಲವು ಪ್ರಭೇದಗಳು ಸೇರಿಕೊಂಡಿದ್ದವೆಂದೂ 2001ರಲ್ಲೇ ತಿಳಿಯಿತು. ಹಾಗಾಗಿ ಹಳೆಯ ಹೆಸರಿನ ಕೀಟನಾಶಕದ ಎರಡು ಪೊಟ್ಟಣ ಕೈಗೆ ಬಂದರೆ ಒಳಗಿರುವುದು ಒಂದೇ ಎಂದುಕೊಳ್ಳಬೇಡಿ. ತಳಿಯ ಸಂಖ್ಯೆ ಅಚ್ಚಾಗಿದ್ದರೆ ಅದನ್ನು ಹೋಲಿಸಿ ನೋಡಿ, ಆಮೇಲೆ ಕೊಳ್ಳಿ.