ರಾತ್ರಿ ಕೂಸಿನ ಹಾಸಿಗೆ
(ಸಂಘದ ವಾರ್ಷಿಕ ಸಭೆಯಲ್ಲಿ ತಾಯಂದಿರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)





ಶಿಕ್ಷಣ ಸಂಸ್ಥೆಯ ವೇದಿಕೆ ಹತ್ತಿ ಕೂಸಿನ ಹಾಸಿಗೆಯ ವಿಷಯ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಪರೀಕ್ಷೆ, ವಿದ್ಯಾರ್ಥಿವೇತನ, ನೌಕರಿ ಇವುಗಳ ಬಗ್ಗೆ ಕೇಳಲು ಬಂದವರು ನೀವು. ಆದರೆ ಇಲ್ಲಿ ಕುಳಿತಿರುವ ಹೆಣ್ಣುಮಕ್ಕಳಲ್ಲಿ ಹಲವರ ಮನೆಯಲ್ಲಿ ಆಪಾನೋ ಭಾಭಿಯೋ ಬಾಣಂತನಕ್ಕೆ ಬಂದಿರುತ್ತಾರೆ. ರಾತ್ರಿ ಎರಡು ಗಂಟೆಗೆ ಕೂಸು ಅತ್ತರೆ ಎದ್ದು ಎತ್ತಿಕೊಳ್ಳುವವರು ನೀವೇ. ಗಂಡುಮಕ್ಕಳು ಎದ್ದು ಹೋಗಬೇಡಿ, ಮಾತು ನಿಮ್ಮ ತನಕವೂ ಬರುತ್ತದೆ.

ನಮ್ಮ ಮನೆಯಲ್ಲಿಯೇ ನಡೆದದ್ದನ್ನು ಮೊದಲು ಹೇಳುತ್ತೇನೆ. ಚಳಿಗಾಲದ ಬಾಣಂತನ. ಗಾಳಿ ತಾಗಬಾರದೆಂದು ಕಿಟಕಿಗೆ ಗೋಣಿಚೀಲ ತುರುಕಿ, ಬಾಗಿಲಿಗೆ ಕೌದಿ ಇಳಿಬಿಟ್ಟು, ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇಟ್ಟಿದ್ದರು. ಕೆಂಡದ ಮೇಲೆ ಲೋಬಾನ ಹಾಕಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಮಲಗಿದರು. ಫಜ್ರ್ ಹೊತ್ತಿಗೆ ದಾದಿ ಬಾಗಿಲು ತಟ್ಟಿದರೆ ಒಳಗಿನಿಂದ ದನಿಯಿಲ್ಲ. ತಳ್ಳಿ ಒಳಗೆ ಹೋಗಿ ನೋಡಿದರೆ ತಾಯಿಗೆ ತಲೆ ಎತ್ತಲಾಗುತ್ತಿಲ್ಲ, ವಾಂತಿ. ಕೂಸು ಮೊಲೆ ಬಾಯಿಗಿಟ್ಟರೂ ಕಣ್ಣು ಬಿಡದಷ್ಟು ಮಂಪರಿನಲ್ಲಿದೆ. ಇಬ್ಬರನ್ನೂ ಪಡಸಾಲೆಗೆ ತಂದು, ಅಲ್ಲಿಂದ ಆಸ್ಪತ್ರೆಗೆ ಒಯ್ದೆವು. ಇಬ್ಬರೂ ಉಳಿದರು, ಅಲ್ಹಮ್ದುಲಿಲ್ಲಾಹ್. ಮನೆಯಲ್ಲಿ ಎಲ್ಲರೂ ನಜರ್ ಆಗಿದೆ ಎಂದರು. ಆಗಿದ್ದು ನಜರ್ ಅಲ್ಲ, ಇದ್ದಿಲಿನ ವಿಷಗಾಳಿ. ಗಾಳಿ ಆಡದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂಡ್ರಬೇಕಾದ ಜಾಗವನ್ನು ಅದು ಹಿಡಿದುಬಿಡುತ್ತದೆ. ನಮಗಿಂತ ಬೇಗಬೇಗ ಉಸಿರಾಡುವ ಎಳೆಕೂಸಿಗೆ ಅದು ಮೊದಲು ತಟ್ಟುತ್ತದೆ.

ಮಲಗುವ ಮುಂಚೆ ಮನೆಯಲ್ಲಿ ಬೆಂಕಿ ಉಳಿಸಬೇಡಿ ಎಂಬ ಪ್ರವಾದಿಯವರ (ಸ) ಸೂಚನೆ ಸಹೀಹ್ ಬುಖಾರಿಯಲ್ಲಿದೆ. ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಜನರ ಸಮೇತ ಸುಟ್ಟ ಸುದ್ದಿ ಕೇಳಿ ಅವರು ಇದನ್ನು ಹೇಳಿದರು. ಲೋಬಾನದ ಹೊಗೆಗೆ ನಾವು ಕೊಡುವ ಮರ್ಯಾದೆಯನ್ನು ಈ ಮಾತಿಗೆ ಯಾಕೆ ಕೊಡುವುದಿಲ್ಲವೋ ನನಗೆ ತಿಳಿಯದು. ಬಾಣಂತಿಗೆ ಕಾವು ಬೇಕೆ? ಹಗಲಲ್ಲಿ ಕಿಟಕಿ ತೆರೆದು, ಜನ ಎಚ್ಚರವಿದ್ದಾಗ ಕೊಡಿ. ಇಶಾ ಆದ ಮೇಲೆ ಕೆಂಡ ಅಂಗಳಕ್ಕೆ ಹೋಗಲಿ.

ಈಗ ಹಾಸಿಗೆಗೆ ಬರೋಣ. ಕೂಸು ತಾಯಿಯ ಜೊತೆ ಮಲಗಬೇಕೋ ಬೇರೆಯೋ? ಬೇರೆ ಕೋಣೆಯಲ್ಲಿ ಮಲಗಿಸುವ ಪದ್ಧತಿ ನಮ್ಮಲ್ಲಿ ಇಲ್ಲ, ಅದು ಒಳ್ಳೆಯದೇ. ಇಂಗ್ಲೆಂಡಿನ ಬ್ರ್ಯಾಡ್‌ಫೋರ್ಡ್ ಊರಿನಲ್ಲಿ ಪಾಕಿಸ್ತಾನಿ ಮೂಲದ ಮುಸಲ್ಮಾನ ಕುಟುಂಬಗಳು ಬಹಳ ಇವೆ. ಆರೋಗ್ಯವಾಗಿದ್ದ ಕೂಸು ನಿದ್ದೆಯಲ್ಲಿ ಕಾರಣ ತಿಳಿಯದೆ ತೀರಿಕೊಳ್ಳುವುದು ಅಲ್ಲಿನ ಬಿಳಿಯರಿಗಿಂತ ಈ ಕುಟುಂಬಗಳಲ್ಲಿ ಬಹಳ ಕಡಿಮೆ. ಡರ್ಹಂ ವಿಶ್ವವಿದ್ಯಾಲಯದ ಹೆಲೆನ್ ಬಾಲ್ ಮತ್ತು ಸಂಗಡಿಗರು ಎರಡೂ ಕಡೆಯ ಎರಡೂವರೆ ಸಾವಿರದಷ್ಟು ತಾಯಂದಿರನ್ನು ವಿಚಾರಿಸಿ, 2012ರಲ್ಲಿ ಅದನ್ನು ಪ್ರಕಟಿಸಿದರು. ನಮ್ಮವರ ಮನೆಗಳಲ್ಲಿ ಕೂಸು ಒಂಟಿಯಾಗಿ ಮಲಗುವುದು ಅಪರೂಪ, ಎದೆಹಾಲು ಹೆಚ್ಚು, ತಾಯಂದಿರಲ್ಲಿ ಸಿಗರೇಟು, ಹೆಂಡ ಕಡಿಮೆ, ಕೂಸನ್ನು ಅಪ್ಪಿಕೊಂಡು ಸೋಫಾದ ಮೇಲೆ ನಿದ್ದೆ ಮಾಡುವುದೂ ಕಡಿಮೆ. ಆದರೆ ಅದೇ ಮನೆಗಳಲ್ಲಿ ತಲೆದಿಂಬು, ದಪ್ಪ ರಜಾಯಿ, ಒಂದು ಮಗ್ಗುಲಿಗೆ ಮಲಗಿಸುವುದು ಇವೂ ಹೆಚ್ಚಾಗಿ ಕಂಡವು. ಅಂದರೆ ನಾವು ಮಾಡುವುದೆಲ್ಲ ಸರಿ ಎಂದು ಬೀಗುವಂತಿಲ್ಲ. ತಾಯಿಯ ಮಗ್ಗುಲನ್ನು ಉಳಿಸಿಕೊಂಡು, ದಿಂಬು ರಜಾಯಿಗಳನ್ನು ತೆಗೆಯುವುದು ನಮ್ಮ ಕೆಲಸ.

ಮೊದಲನೆಯದು, ಕೂಸನ್ನು ಬೆನ್ನ ಮೇಲೆ, ಅಂಗಾತ ಮಲಗಿಸಿ. ರಾತ್ರಿಗೂ ಸರಿ, ಹಗಲಿಗೂ ಸರಿ, ಒಂದು ವರ್ಷ ತುಂಬುವ ತನಕ. ಈ ಮಾತನ್ನು ಡಾಕ್ಟರರೂ ತಡವಾಗಿ ಕಲಿತರು. 1970-80ರ ದಶಕಗಳಲ್ಲಿ ಪಶ್ಚಿಮದ ದೇಶಗಳಲ್ಲಿ ವೈದ್ಯರೇ ಕೂಸನ್ನು ಬೋರಲು ಮಲಗಿಸಲು ಹೇಳುತ್ತಿದ್ದರು. ಅದು ತಪ್ಪೆಂದು ತಿಳಿದ ಮೇಲೆ 1991ರ ಕೊನೆಗೆ ಬ್ರಿಟನ್ನಿನಲ್ಲಿ, 1994ರಲ್ಲಿ ಅಮೆರಿಕದಲ್ಲಿ ಅಂಗಾತ ಮಲಗಿಸುವ ಪ್ರಚಾರ ನಡೆಯಿತು. ಕೆಲವೇ ವರ್ಷಗಳಲ್ಲಿ ಇಂಥ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು. ಔಷಧಿಯಿಲ್ಲ, ಯಂತ್ರವಿಲ್ಲ, ಮಲಗಿಸುವ ಬಗೆ ಬದಲಾಯಿತು ಅಷ್ಟೆ.

ನಮ್ಮ ನಾನಿಯಂದಿರು ಇದನ್ನು ಒಪ್ಪುವುದಿಲ್ಲ. ಹಾಲು ಕಕ್ಕಿದರೆ ಉಸಿರಿಗೆ ಅಡರುತ್ತದೆ ಎನ್ನುತ್ತಾರೆ. ಕೇಳಲು ಸರಿಯೆನಿಸುತ್ತದೆ, ಆದರೆ ಶರೀರದ ರಚನೆ ಬೇರೆ ಇದೆ. ಕುತ್ತಿಗೆಯಲ್ಲಿ ಉಸಿರಿನ ಕೊಳವೆ ಮುಂದೆ, ಅನ್ನದ ಕೊಳವೆ ಹಿಂದೆ. ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲೆ ಬರುತ್ತದೆ, ಅನ್ನದ ಕೊಳವೆ ಕೆಳಗೆ ಉಳಿಯುತ್ತದೆ. ಕಕ್ಕಿದ ಹಾಲು ಉಸಿರಿಗೆ ಹೋಗಬೇಕಾದರೆ ಏರು ಹತ್ತಬೇಕು. ಬೋರಲು ಮಲಗಿಸಿದರೆ ಇದೇ ತಲೆಕೆಳಗಾಗಿ, ಹಾಲು ಉಸಿರಿನ ಕಡೆಗೆ ಇಳಿಜಾರಿನಲ್ಲಿ ಬರುತ್ತದೆ. ಹಾಲು ಕುಡಿದ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸಿ ಮಲಗಿಸಿರಿ. ಮಗ್ಗುಲಿಗೆ ಮಲಗಿಸಿ ದಿಂಬು ಆನಿಸುವುದೂ ಬೇಡ, ಅದು ಉರುಳಿ ಬೋರಲಾಗುತ್ತದೆ.

ಹಾಸಿಗೆ ಗಟ್ಟಿ ಇರಲಿ, ಸಮ ಇರಲಿ. ನೆಲದ ಮೇಲೆ ಚಾಪೆ ಹಾಸಿ, ಅದರ ಮೇಲೆ ಜಮಖಾನೆ ಮಡಿಸಿ ಹಾಕಿದರೆ ಸಾಕು. ಬಡವರ ಈ ಹಾಸಿಗೆ ಅಂಗಡಿಯ ಮೆತ್ತನೆ ಗಾದಿಗಿಂತ ಮೇಲು. ಹಗ್ಗ ಸಡಿಲಾದ ಹೊರಸು ಮಾತ್ರ ಅಪಾಯ. ತಾಯಿಯ ಭಾರಕ್ಕೆ ನಡು ಜಗ್ಗಿ ಕೂಸು ಆಕೆಯ ಮೈಕೆಳಗೆ ಜಾರುತ್ತದೆ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಅಜ್ಜಿ ಪ್ರೀತಿಯಿಂದ ಹೊಲಿದ ಭಾರದ ಕೌದಿ, ಗೊಂಬೆ, ಇವು ನಿದ್ದೆಯ ಹೊತ್ತಿಗೆ ಕೂಸಿನ ಮುಖದ ಹತ್ತಿರ ಇರಬಾರದು. ಚಳಿಗೆ ಮೈತುಂಬ ಅರಿವೆ ತೊಡಿಸಿ. ಹೊದಿಸಲೇಬೇಕೆಂದರೆ ತೆಳು ಬಟ್ಟೆ, ಎದೆಯ ತನಕ, ಅಂಚು ಹಾಸಿಗೆಯ ಕೆಳಗೆ ಸೇರಿಸಿ. ಮೊದಲ ದಿನಗಳಲ್ಲಿ, ಅದರಲ್ಲೂ ತೂಕ ಕಡಿಮೆ ಇರುವ ಕೂಸಿಗೆ ಟೊಪ್ಪಿಗೆ ಬೇಕು, ಅದು ಕಣ್ಣಿಗೆ ಮೂಗಿಗೆ ಇಳಿಯದಂತೆ ನೋಡಿಕೊಳ್ಳಿ. ಕೊರಳಲ್ಲಿ ತಾಯಿತ ಕಟ್ಟುವುದು ಸರಿಯೋ ತಪ್ಪೋ ಎಂಬುದು ಆಲಿಮರ ವಿಷಯ, ನನ್ನದಲ್ಲ. ಕೊರಳಿನ ದಾರ ರಾತ್ರಿ ಬಿಗಿಯಬಲ್ಲದು ಎಂಬುದಷ್ಟೇ ನನ್ನ ಮಾತು.

ತೊಟ್ಟಿಲಿನ ಬಗ್ಗೆ ಹೇಳದಿದ್ದರೆ ನೀವು ನನ್ನನ್ನು ಬಿಡುವುದಿಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲಿನಂತೆ ತಳ ಹಲಗೆಯದಾಗಿದ್ದು ಸಮವಾಗಿದ್ದರೆ ತೊಂದರೆಯಿಲ್ಲ. ಆದರೆ ಹೆಚ್ಚಿನ ಮನೆಗಳಲ್ಲಿ ಇರುವುದು ಸೀರೆಯ ಜೋಳಿಗೆ. ಅದರಲ್ಲಿ ಕೂಸು ಬಿಲ್ಲಿನಂತೆ ಬಾಗುತ್ತದೆ. ಎಳೆಕೂಸಿನ ತಲೆ ಭಾರ, ಕತ್ತು ನಿತ್ರಾಣ. ಗದ್ದ ಎದೆಗೆ ಒತ್ತಿದರೆ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಕೂಸಿಗೆ ಅಳಲೂ ಆಗುವುದಿಲ್ಲ, ನಾವು ಸುಮ್ಮನೆ ಮಲಗಿದೆ ಎಂದುಕೊಳ್ಳುತ್ತೇವೆ. ಹಗಲು ತೂಗಿ ಮಲಗಿಸಿರಿ, ಕಣ್ಣು ಅದರ ಮೇಲಿರಲಿ, ನಿದ್ದೆ ಹತ್ತಿದ ಮೇಲೆ ಹಾಸಿಗೆಗೆ ಇಳಿಸಿ.

ಹಾಗಾದರೆ ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಯಲ್ಲಿ ಕೂಸಿಗೆ ಬೇರೆ ಜಾಗ ಎಲ್ಲಿಂದ ತರುವುದು? ನ್ಯೂಜಿಲೆಂಡಿನ ಮಾವೊರಿ ಜನರೂ ನಮ್ಮಂತೆ ಕೂಸನ್ನು ಮಗ್ಗುಲಲ್ಲಿಯೇ ಮಲಗಿಸುವವರು. ಅದನ್ನು ಬಿಡಿಸುವ ಬದಲು ಅಲ್ಲಿಯವರು 2006ರ ಸುಮಾರಿಗೆ ನಾರಿನಿಂದ ಹೆಣೆದ ಚಪ್ಪಟೆ ತಳದ ಬುಟ್ಟಿಯನ್ನು ಬಳಕೆಗೆ ತಂದರು. ವಹಾಕುರ ಎಂದು ಅದರ ಹೆಸರು. ಬುಟ್ಟಿ ತಾಯಿಯ ಹಾಸಿಗೆಯ ಮೇಲೆಯೇ ಇರುತ್ತದೆ, ಕೂಸು ಕೈಗೆ ಸಿಗುತ್ತದೆ, ಯಾರೂ ಅದರ ಮೇಲೆ ಹೊರಳುವುದಿಲ್ಲ. ನಮ್ಮ ಮೇದಾರರು ಇಂಥದನ್ನು ಹೆಣೆಯಲಾರರೆ? ಅಗಲವಾದ, ಸಮ ತಳದ, ಗೇಣುದ್ದ ಅಂಚಿನ ಬಿದಿರಿನ ಬುಟ್ಟಿ, ಸಿಬಿರು ಇಲ್ಲದಂತೆ ಒಳಗೆ ಬಟ್ಟೆ ಬಿಗಿದು, ಮಡಿಸಿದ ಚಾದರ ಹಾಸಿದರೆ ಆಯಿತು. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕಕ್ಕೆ ನೀರು ನುಗ್ಗಿದ್ದನ್ನು, ಲೋಳಸೂರ ಸೇತುವೆ ಮುಳುಗಿದ್ದನ್ನು ನೀವೆಲ್ಲ ನೋಡಿದ್ದೀರಿ. ಇಂಥ ಹೊತ್ತಿನಲ್ಲಿ ಪರಿಹಾರ ಕೇಂದ್ರದಲ್ಲಿ ಸಾಲಾಗಿ ಜನ ಮಲಗುತ್ತಾರೆ. ದಣಿದ ದೊಡ್ಡವರ ನಡುವೆ ಕೂಸನ್ನು ಮಲಗಿಸುವುದಕ್ಕಿಂತ ದೊಡ್ಡ ಅಪಾಯ ಬೇರೆ ಇಲ್ಲ. ಮನೆ ಬಿಡುವಾಗ ಎತ್ತಿಕೊಂಡು ಹೋಗಲೂ ಬುಟ್ಟಿ ಆಗುತ್ತದೆ. ಸಂಘದ ಪದಾಧಿಕಾರಿಗಳು ನಾಲ್ಕು ಬುಟ್ಟಿ ಹೆಣೆಸಿ ನೋಡಲಿ ಎಂದು ಕೇಳಿಕೊಳ್ಳುತ್ತೇನೆ, ವೆಚ್ಚ ದೊಡ್ಡದಲ್ಲ.

ನೆಲದಲ್ಲಿ ಮಲಗುವವರಿಗೆ ಚೇಳು ಹಾವಿನ ಭಯ ಇದ್ದೇ ಇದೆ. ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸೇರಿಸಿ. ಪರದೆ ಇದ್ದರೆ ಸೊಳ್ಳೆಬತ್ತಿಯ ಹೊಗೆಯೂ ಬೇಡ.

ಗಂಡುಮಕ್ಕಳ ಮಾತಿಗೆ ಬಂದೆ. ನಿಪ್ಪಾಣಿಯ ತಂಬಾಕು ನಮಗೆ ದೂರವಿಲ್ಲ, ಬೀಡಿ ಇಲ್ಲದ ಓಣಿ ಇಲ್ಲ. ಬೀಡಿ ಸೇದುವವರ ಮಗ್ಗುಲಲ್ಲಿ ಮಲಗುವ ಕೂಸಿಗೆ ನಿದ್ದೆಯಲ್ಲಿ ಸಾಯುವ ಅಪಾಯ ಹೆಚ್ಚು, ಹೊರಗೆ ಸೇದಿ ಬಂದರೂ ಹೆಚ್ಚು. ಅಂಥ ತಂದೆ ಬೇರೆ ಹಾಸಿಗೆಯಲ್ಲಿ ಮಲಗಲಿ. ಹೆಂಡ ಕುಡಿದವನೂ, ನಿದ್ದೆ ಬರಿಸುವ ಔಷಧಿ ತೆಗೆದುಕೊಂಡವರೂ ಹಾಗೆಯೇ. ನಮ್ಮಲ್ಲಿ ಹೆಂಡ ಹರಾಮ್, ಆದ್ದರಿಂದ ಆ ಮಾತು ಬೇಡ ಎಂದು ದಯವಿಟ್ಟು ಹೇಳಬೇಡಿ, ಹೆಂಗಸರಿಗೆ ಗೊತ್ತಿದೆ. ತಾಯಂದಿರು ಹಲ್ಲಿಗೆ ಹಚ್ಚುವ ಮಿಶ್ರಿಯೂ ತಂಬಾಕೇ. ಬಸುರಿನಲ್ಲಿ ಅದು ಕೂಸಿನ ತೂಕ ಇಳಿಸುತ್ತದೆ.

ಅಲ್ ಬಕರಾ ಅಧ್ಯಾಯದ 233ನೆಯ ವಚನದಲ್ಲಿ ಎರಡು ವರ್ಷದ ಎದೆಹಾಲಿನ ವಿಷಯವಿದೆ. ಎದೆಹಾಲು ಈ ಅಪಾಯವನ್ನೂ ಕಡಿಮೆ ಮಾಡುತ್ತದೆ. ಆದರೆ ರಮಜಾನಿನಲ್ಲಿ ಸಹರಿಗೆ ಎದ್ದು ಅಡಿಗೆ ಮಾಡಿದ ತಾಯಿ ಸೋಫಾದ ಮೇಲೆ ಕುಳಿತು ಹಾಲೂಡಿಸುತ್ತ ತೂಕಡಿಸಿದರೆ ಕೂಸು ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನಿದ್ದೆ ಬರುವಂತಿದ್ದರೆ ಸೋಫಾಕ್ಕಿಂತ ದಿಂಬು ಕೌದಿ ಸರಿಸಿದ ನೆಲದ ಹಾಸಿಗೆಯೇ ವಾಸಿ. ಹಾಲು ಕುಡಿದ ಕೂಸನ್ನು ಬುಟ್ಟಿಗೆ ಇಳಿಸುವ ಕೆಲಸ ಗಂಡ ಮಾಡಬಹುದಲ್ಲ.

ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೆಯ ದಿನ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ. 2011ರಿಂದ ಇದು ಸರಕಾರದ ಕಾರ್ಯಕ್ರಮ. ಅವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡಿ. ಒಳಗೆ ಕರೆದು ಕೂಸು ಮಲಗುವ ಜಾಗ ತೋರಿಸಿ, ದಾದಿ ನಾನಿಯರನ್ನೂ ಪಕ್ಕದಲ್ಲಿ ಕೂಡ್ರಿಸಿ. ಹೊಸ ಬಾಣಂತಿ ಒಬ್ಬಳೇ ಕೇಳಿಸಿಕೊಂಡರೆ ಆಕೆಯ ಮಾತು ಮನೆಯಲ್ಲಿ ನಡೆಯುವುದಿಲ್ಲ.

ಭಾಷಣ ಮುಗಿದ ಮೇಲೆ ವಯಸ್ಸಾದ ತಾಯಿಯೊಬ್ಬರು ಎದ್ದು, "ಕೂಸು ರಾತ್ರಿ ತಾನೇ ಬೋರಲು ಬಿದ್ದರೆ ಎಷ್ಟು ಸಲ ಏಳೋದು ಬೇಟಾ?" ಎಂದು ಕೇಳಿದರು. ಉತ್ತರವನ್ನು ಇಲ್ಲಿಯೂ ಬರೆಯುತ್ತೇನೆ. ಅಂಗಾತದಿಂದ ಬೋರಲಿಗೂ, ಬೋರಲಿನಿಂದ ಅಂಗಾತಕ್ಕೂ ತಾನೇ ಹೊರಳಲು ಕಲಿತ ಕೂಸನ್ನು ರಾತ್ರಿಯಿಡೀ ತಿರುವಿ ಹಾಕಬೇಕಾಗಿಲ್ಲ. ಮಲಗಿಸುವಾಗ ಅಂಗಾತ ಮಲಗಿಸಿ. ಹೊರಳುವ ಸೂಚನೆ ಕಂಡ ದಿನದಿಂದ ಬಟ್ಟೆ ಸುತ್ತಿ ಕೈಕಾಲು ಕಟ್ಟುವುದನ್ನು ಬಿಡಿ, ಬುಟ್ಟಿಯಿಂದ ನೆಲದ ಹಾಸಿಗೆಗೆ ಇಳಿಸಿ. ಹಗಲು ನೀವು ಮುಂದೆ ಕುಳಿತಿರುವಾಗ ಸ್ವಲ್ಪ ಹೊತ್ತು ಬೋರಲು ಬಿಟ್ಟು ಆಡಿಸಿರಿ, ಕತ್ತು ಬೇಗ ನಿಲ್ಲುತ್ತದೆ.